ಹೊಲಿಗೆ ಎಷ್ಟು ಆಳದಲ್ಲಿದೆ?

ತೆರೆದ ಶಸ್ತ್ರಚಿಕಿತ್ಸೆಯೇ, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ, ಉದ್ದ ಉಪಕರಣ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಯೇ, ಅಂಥ ರಂಧ್ರಗಳಲ್ಲೇ ನಾವು ಕುಳಿತು ನಡೆಸುವ ರೋಬೋಟ್ ಬೇಕೇ ಎಂದು ತೀರ್ಮಾನಿಸುವಾಗ ನಾನು ಮೊದಲು ನೋಡುವುದು ಒಂದನ್ನೇ: ಒಳಗೆ ಹೊಲಿಗೆ ಹಾಕುವ ಕೆಲಸ ಎಷ್ಟಿದೆ, ಅದು ಎಷ್ಟು ಇಕ್ಕಟ್ಟಿನ ಜಾಗದಲ್ಲಿದೆ? ಕತ್ತರಿಸಿ ಹೊರತೆಗೆದರೆ ಮುಗಿಯಿತು ಎನ್ನುವಂಥ ಕೆಲಸಕ್ಕೆ ಲ್ಯಾಪರೋಸ್ಕೋಪಿಯ ನೇರ ಉಪಕರಣಗಳು ಧಾರಾಳವಾಗಿ ಸಾಕು. ಕತ್ತರಿಸಿದ್ದನ್ನು ಮತ್ತೆ ಕೂಡಿಸಬೇಕು, ಅದೂ ಸೊಂಟದೆಲುಬಿನ ಗೂಡಿನ ತಳದಲ್ಲಿ ಕೂಡಿಸಬೇಕು ಎಂದಾಗ ರೋಬೋಟಿನ ಕಡೆಗೆ ತಿರುಗುತ್ತೇನೆ. ಎಲ್ಲ ಸಹೋದ್ಯೋಗಿಗಳೂ ಇದನ್ನು ಒಪ್ಪುವುದಿಲ್ಲ. ಯಂತ್ರ ಇರುವಾಗ ಎಲ್ಲದಕ್ಕೂ ಏಕೆ ಬಳಸಬಾರದು ಎನ್ನುವವರೂ ಇದ್ದಾರೆ.

ನಾನು ಮೂತ್ರರೋಗ ವಿಭಾಗದ ಶಸ್ತ್ರಚಿಕಿತ್ಸಕ. ಅದಕ್ಕೂ ಮೊದಲು ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿದ್ದಾಗ ಪಿತ್ತಕೋಶ ತೆಗೆಯುವುದು ನಿತ್ಯದ ಕೆಲಸವಾಗಿತ್ತು. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದಾಗ ಅವರ ದೇಶದ ಶಸ್ತ್ರಚಿಕಿತ್ಸಕರೇ ನಂಬಲಿಲ್ಲ. ಈಗ ಅದೇ ರೂಢಿ. ಅಲ್ಲಿ ಹೊಲಿಗೆಯ ಮಾತೇ ಸಾಮಾನ್ಯವಾಗಿ ಬರುವುದಿಲ್ಲ. ಪಿತ್ತಕೋಶದ ನಾಳ ಮತ್ತು ರಕ್ತನಾಳ ಇವೆರಡನ್ನೂ ಸುತ್ತಲಿನ ಕೊಬ್ಬಿನಿಂದ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಎಬ್ಬಿಸಿ, ಪಿತ್ತಕೋಶದೊಳಕ್ಕೆ ಹೋಗುತ್ತಿರುವುದು ಎರಡೇ ಎಳೆಗಳು ಎಂದು ಕಣ್ಣಾರೆ ಖಾತ್ರಿಯಾದ ಮೇಲೆ ಕ್ಲಿಪ್ ಹಾಕುತ್ತೇವೆ. ಮುಖ್ಯ ಪಿತ್ತನಾಳವನ್ನು ಉಳಿಸುವುದು ಈ ತಾಳ್ಮೆ. ಹಾಗಾಗಿ ನನ್ನ ರೋಗಿಗಳ ಮನೆಯವರು ಯಾರಾದರೂ ಪಿತ್ತಕೋಶದ ಕಲ್ಲಿಗೆ ರೋಬೋಟ್ ಮಾಡಿಸಲೇ ಎಂದು ಕೇಳಿದರೆ, ಲ್ಯಾಪರೋಸ್ಕೋಪಿಯಲ್ಲಿ ಕೈ ಪಳಗಿದವರ ಬಳಿಗೆ ಹೋಗಿ ಎನ್ನುತ್ತೇನೆ.

ಪ್ರಾಸ್ಟೇಟ್ ಕ್ಯಾನ್ಸರಿನ ಮಾತು ಬೇರೆ. ಗಂಡಸರ ಮೂತ್ರಕೋಶದ ಕೆಳಗಿರುವ ಈ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಮೂತ್ರಕೋಶದ ಬಾಯಿಗೂ ಮೂತ್ರ ಹೊರಹೋಗುವ ನಾಳದ ತುಂಡು ತುದಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಎರಡನ್ನೂ ಸುತ್ತಲೂ ಹೊಲಿದು ಕೂಡಿಸಬೇಕು, ನೀರು ಸೋರಬಾರದು. ನಾಳದ ತುದಿ ಎಲುಬಿನ ಹಿಂದೆ ಒಳಸರಿದು ಕುಳಿತಿರುತ್ತದೆ. ಲ್ಯಾಪರೋಸ್ಕೋಪಿಯ ನೇರ ಇಕ್ಕಳದಲ್ಲಿ ಸೂಜಿ ಹಿಡಿದು ಆ ಕೋನಕ್ಕೆ ಹೋಗಲು ಭುಜ, ಮೊಣಕೈ ಎರಡನ್ನೂ ತಿರುಚಿಕೊಂಡು ನಿಲ್ಲಬೇಕು. ರೋಬೋಟಿನ ಉಪಕರಣಕ್ಕೆ ತುದಿಯಲ್ಲೇ ಮಣಿಕಟ್ಟು ಇದೆ. ಸೂಜಿಯ ಬಾಗಿಗೆ ತಕ್ಕಂತೆ ಅದು ಒಳಗೇ ತಿರುಗುತ್ತದೆ. ಯಂತ್ರವನ್ನು ನಡೆಸುವ ಕನ್ಸೋಲಿನಲ್ಲಿ ಕುಳಿತ ನನಗೆ ಆಳದ ಅಂದಾಜು ಸಿಗುವ ಹಿಗ್ಗಿದ ಚಿತ್ರ ಕಾಣುತ್ತದೆ, ಬೆರಳಿನ ಸಣ್ಣ ನಡುಕ ಉಪಕರಣದ ತುದಿಯನ್ನು ತಲುಪುವುದಿಲ್ಲ.

ನಾನು ಬಳಸುವ ಯಂತ್ರದಲ್ಲಿ ಸ್ಪರ್ಶ ಮಾತ್ರ ಸಿಗುವುದಿಲ್ಲ. ದಾರ ಎಷ್ಟು ಬಿಗಿಯಾಗಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ, ಹುಷಾರು ತಪ್ಪಿದರೆ ದಾರ ತುಂಡಾಗುತ್ತದೆ, ಇಲ್ಲವೇ ಅಂಗಾಂಶವನ್ನೇ ಸೀಳುತ್ತದೆ. ಬಿಗಿತವನ್ನು ಕಣ್ಣಿನಿಂದ ಓದಲು ಕಲಿಯಬೇಕು: ದಾರದ ಸುರುಳಿ ನೇರವಾಗುವುದು, ಹೊಲಿಗೆ ಕುಳಿತ ಕಡೆ ಅಂಗಾಂಶ ಬಿಳಿಚಿಕೊಳ್ಳುವುದು, ಎರಡು ಅಂಚುಗಳು ಒಂದನ್ನೊಂದು ಮುಟ್ಟುವುದು. ಅಂಚುಗಳು ಮುಟ್ಟಿದೊಡನೆ ಎಳೆಯುವುದನ್ನು ನಿಲ್ಲಿಸಬೇಕು. ಸಿಮ್ಯುಲೇಟರಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದಕ್ಕೇ. ಈಗ ಕಿರಿಯರನ್ನು ಕೂರಿಸುವುದೂ ಇದಕ್ಕೇ.

ಮೂತ್ರಪಿಂಡದ ಗಡ್ಡೆಯನ್ನಷ್ಟೇ ತೆಗೆದು ಉಳಿದ ಭಾಗವನ್ನು ಕಾಪಾಡುವಾಗಲೂ ಇದೇ ಲೆಕ್ಕ. ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿದ ಕ್ಷಣದಿಂದ ಗಡಿಯಾರ ಓಡುತ್ತಿರುತ್ತದೆ. ಸುಮಾರು 25 ನಿಮಿಷದೊಳಗೆ ಗಡ್ಡೆ ತೆಗೆದು, ಗಾಯ ಹೊಲಿದು, ರಕ್ತವನ್ನು ಮತ್ತೆ ಹರಿಯಬಿಡಲು ನೋಡುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ರೋಗಿಗೆ ಇನ್ನೊಂದನ್ನೂ ಹೇಳಲೇಬೇಕು. ಆಸ್ಟ್ರೇಲಿಯಾದಲ್ಲಿ ಪ್ರಾಸ್ಟೇಟಿನ ತೆರೆದ ಶಸ್ತ್ರಚಿಕಿತ್ಸೆಯನ್ನೂ ರೋಬೋಟನ್ನೂ ಹೋಲಿಸಿದ ಅಧ್ಯಯನದಲ್ಲಿ ರೋಬೋಟಿನ ಕಡೆ ರಕ್ತ ಕಡಿಮೆ ಹೋಯಿತು, ಆಸ್ಪತ್ರೆವಾಸ ಕಡಿಮೆಯಾಯಿತು. ಎರಡು ವರ್ಷದ ಬಳಿಕ ಮೂತ್ರದ ಹಿಡಿತದಲ್ಲಾಗಲಿ ಲೈಂಗಿಕ ಶಕ್ತಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನನಗೆ ಹೊಲಿಗೆ ಸಲೀಸಾಯಿತು ಎಂಬುದೇ ಬೇರೆ, ನಿಮಗೆ ಫಲ ಹೆಚ್ಚಾಯಿತು ಎಂಬುದೇ ಬೇರೆ ಎಂದು ನೇರವಾಗಿ ಹೇಳುತ್ತೇನೆ. ಮೂತ್ರ ಹೊರಬಿಡುವ ನಳಿಕೆ, ಅಂದರೆ ಕ್ಯಾತಿಟರ್, ಸುಮಾರು ಒಂದು ವಾರ ಇರಲೇಬೇಕು, ಹಿಡಿತ ಮರಳಲು ಸ್ನಾಯುಗಳ ವ್ಯಾಯಾಮ ಮಾಡಲೇಬೇಕು. ಕೆಲವರ ಮುಖ ಇದನ್ನು ಕೇಳಿ ಸಪ್ಪಗಾಗುತ್ತದೆ. ಆಗಲಿ.

ಕ್ಯಾನ್ಸರಿನಲ್ಲಿ ಸಣ್ಣ ಗಾಯವೇ ಮೇಲು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2018ರಲ್ಲಿ ಬಂದ ಒಂದು ಅಧ್ಯಯನದಿಂದ. ಆರಂಭಿಕ ಹಂತದ ಗರ್ಭಕಂಠದ ಕ್ಯಾನ್ಸರಿಗೆ ಗರ್ಭಕೋಶ ತೆಗೆದ ಮಹಿಳೆಯರಲ್ಲಿ, ನಾಲ್ಕೂವರೆ ವರ್ಷದ ಹೊತ್ತಿಗೆ ರೋಗವಿಲ್ಲದೆ ಉಳಿದವರ ಪ್ರಮಾಣ ತೆರೆದ ವಿಧಾನದಲ್ಲಿ 96.5 ಶೇಕಡಾ, ಲ್ಯಾಪರೋಸ್ಕೋಪಿ ಮತ್ತು ರೋಬೋಟ್ ವಿಧಾನದಲ್ಲಿ 86 ಶೇಕಡಾ. ನಮ್ಮ ಸ್ತ್ರೀರೋಗ ವಿಭಾಗದವರು ಆ ಶಸ್ತ್ರಚಿಕಿತ್ಸೆಗೆ ತೆರೆದ ವಿಧಾನಕ್ಕೇ ಮರಳಿದರು. ನನ್ನ ಹೊಲಿಗೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾವ ಅಂಗ, ಯಾವ ರೋಗ ಎಂಬುದು ಅದಕ್ಕಿಂತ ಮೊದಲು ಬರುತ್ತದೆ.

ದೇಹ ತಡೆಯುತ್ತದೆಯೇ ಎಂಬುದೂ ಇದೆ. ಹೊಟ್ಟೆಯೊಳಗೆ ಜಾಗ ಮಾಡಿಕೊಳ್ಳಲು ಇಂಗಾಲದ ಡೈಆಕ್ಸೈಡ್ ತುಂಬುತ್ತೇವೆ, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ. ಅದು ಉರಿಯುವುದಿಲ್ಲ, ರಕ್ತದಲ್ಲಿ ಕರಗಿ ಉಸಿರಿನೊಡನೆ ಹೊರಹೋಗುತ್ತದೆ. ಪ್ರಾಸ್ಟೇಟಿಗೆ ತಲೆಯನ್ನು ಸಾಕಷ್ಟು ಕೆಳಗೆ ಮಾಡಿ ಮಲಗಿಸುವುದೂ ಸೇರಿದರೆ ಹೃದಯ, ಶ್ವಾಸಕೋಶ ದುರ್ಬಲವಾಗಿರುವವರಿಗೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಭಾರ. ಅರಿವಳಿಕೆ ತಜ್ಞರು ಬೇಡ ಎಂದರೆ ನಾನು ವಾದಿಸುವುದಿಲ್ಲ. ಆಪರೇಷನ್ ಆದ ಮರುದಿನ ಹೊಟ್ಟೆಗಿಂತ ಭುಜ ನೋಯುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ಗ್ಯಾಸ್ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆಣಕಿದ್ದರಿಂದ ಬರುವ ನೋವು ಅದು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮೊದಲೇ ಹೇಳಿಟ್ಟರೆ ಗಾಬರಿ ಇರುವುದಿಲ್ಲ.

ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು. ಅಂಥವರಿಗೆ ಉಪಕರಣ ತೂರಿಸುವ ಕೊಳವೆಗಳಲ್ಲಿ ಮೊದಲನೆಯದನ್ನು, ಅಂದರೆ ಮೊದಲ ಪೋರ್ಟನ್ನು, ಸೂಜಿ ಚುಚ್ಚಿ ಹಾಕದೆ, ಹಳೆಯ ಗಾಯದಿಂದ ದೂರದಲ್ಲಿ ಸಣ್ಣದಾಗಿ ಕೊಯ್ದು, ಒಳಪದರವನ್ನು ನೋಡಿಕೊಂಡೇ ಒಳಗೆ ಹೋಗುತ್ತೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಪೋರ್ಟ್‌ಗಳ ಜಾಗ ತೋರಿಸುವುದರ ಜೊತೆಗೆ, ತೆರೆಯಬೇಕಾಗಿ ಬಂದರೆ ಎಲ್ಲಿ, ಎಷ್ಟುದ್ದ ಕೊಯ್ಯುತ್ತೇನೆ ಎಂಬುದನ್ನೂ ಬೆರಳಿನಿಂದ ತೋರಿಸುತ್ತೇನೆ. ರಕ್ತ ನಿಲ್ಲದಿದ್ದರೆ ಯಂತ್ರದ ತೋಳುಗಳನ್ನು ಬಿಡಿಸಿ ಬದಿಗೆ ಸರಿಸುವ ಕೆಲಸ ಯಾರದು, ಹೊಟ್ಟೆ ತೆರೆಯುವ ಉಪಕರಣಗಳ ಟ್ರೇ ಎಲ್ಲಿದೆ ಎಂಬುದನ್ನು ತಂಡ ಪ್ರತಿ ಆಪರೇಷನ್ನಿಗೂ ಮೊದಲು ಬಾಯಿಬಿಟ್ಟು ಹೇಳಬೇಕು ಎಂಬುದು ನಮ್ಮ ಕೊಠಡಿಯ ಕಟ್ಟುನಿಟ್ಟು. ಹೊಸದಾಗಿ ಬಂದ ನರ್ಸ್‌ಗಳಿಂದಲೂ ಅದನ್ನು ಹೇಳಿಸುತ್ತೇವೆ.