ಟ್ಯೂರಿನ್ 1911: ಸಿಯಾಮ್ ವಿಭಾಗವನ್ನು ಕ್ಯಾಟಲಾಗಿನಿಂದ ಮತ್ತೆ ಕಟ್ಟಿದ ಬಗೆ

ವಸ್ತುಸಂಗ್ರಹಾಲಯಗಳಿಗೆ ವಿವರಣಾ ಫಲಕಗಳನ್ನು ಬರೆಯುವುದು ಮತ್ತು ಅವುಗಳ ಕ್ರಮವನ್ನು ನಿರ್ಧರಿಸುವುದು ನನ್ನ ಕೆಲಸ. ಲೋಕದ ದೊಡ್ಡ ವಸ್ತುಪ್ರದರ್ಶನಗಳಲ್ಲಿ ಏಷ್ಯಾದ ರಾಜ್ಯಗಳು ತಮ್ಮನ್ನು ಹೇಗೆ ತೋರಿಸಿಕೊಂಡವು ಎಂಬ ವಿಷಯವನ್ನು ಕುರಿತು ಒಂದು ಸಂಚಾರಿ ಪ್ರದರ್ಶನವನ್ನು ರೂಪಿಸುವ ಹೊಣೆ ಬಂದಾಗ, ಹಲವು ದೇಶಗಳನ್ನು ಮೇಲುಮೇಲೆ ಮುಟ್ಟಿ ಹೋಗುವುದಕ್ಕಿಂತ ಒಂದೇ ರಾಜ್ಯವನ್ನೂ ಒಂದೇ ಮೇಳವನ್ನೂ ಹಿಡಿದು ಒಳಹೊಕ್ಕು ನೋಡುವುದು ಲೇಸೆಂದು ನನಗೆ ತೋರಿತು. ಹಾಗೆ ಆರಿಸಿಕೊಂಡದ್ದು ಇಂದಿನ ಥಾಯ್ಲೆಂಡ್, ಅಂದಿನ ಸಿಯಾಮ್. ಮೇಳವೆಂದರೆ ಇಟಲಿಯ ಏಕೀಕರಣಕ್ಕೆ 50 ವರ್ಷ ತುಂಬಿದ ಸಂದರ್ಭದಲ್ಲಿ, 1911ರ ಏಪ್ರಿಲ್ 29ರಿಂದ ನವೆಂಬರ್ 19ರವರೆಗೆ ಟ್ಯೂರಿನ್ ನಗರದಲ್ಲಿ ನಡೆದ ಕೈಗಾರಿಕೆ ಮತ್ತು ದುಡಿಮೆಯ ಅಂತರರಾಷ್ಟ್ರೀಯ ಪ್ರದರ್ಶನ.

ಈ ಆಯ್ಕೆಗೆ ಮುಖ್ಯ ಕಾರಣ ಒಬ್ಬ ವ್ಯಕ್ತಿ. ಸಿಯಾಮ್ ವಿಭಾಗದ ಹೊಣೆ ಹೊತ್ತಿದ್ದವನು ಜೆರೊಲಮೊ ಎಮಿಲಿಯೊ ಜೆರಿನಿ ಎಂಬ ಇಟಾಲಿಯನ್. 1860ರಲ್ಲಿ ಹುಟ್ಟಿದ ಈತ 1881ರಲ್ಲಿ ಬ್ಯಾಂಕಾಕಿಗೆ ಹೋಗಿ, ಅಲ್ಲಿನ ಸೈನ್ಯದಲ್ಲಿ ಕರ್ನಲ್ ಪದವಿಗೇರಿ, ಸೈನಿಕ ಶಿಕ್ಷಣದ ವ್ಯವಸ್ಥೆಯನ್ನು ನೋಡಿಕೊಂಡು, ಫ್ರಾ ಸಾರಸಾತ್ ಫೊನ್‌ಲಖಾನ್ ಎಂಬ ಬಿರುದನ್ನು ಅರಸನಿಂದ ಪಡೆದಿದ್ದ. 1904ರಲ್ಲಿ ಸಿಯಾಮ್ ಸೊಸೈಟಿ ಎಂಬ ವಿದ್ವಾಂಸರ ಸಂಘವನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಸೇವೆಯಿಂದ ನಿವೃತ್ತನಾದ ಮೇಲೂ ಆ ರಾಜ್ಯದ ಪರವಾಗಿ ತನ್ನ ಸ್ವಂತ ದೇಶದಲ್ಲಿ ಮಳಿಗೆಯನ್ನು ಹೂಡಿದ. ಅಷ್ಟಕ್ಕೇ ನಿಲ್ಲದೆ ಆ ವಿಭಾಗದ ವಿವರಣಾತ್ಮಕ ಕ್ಯಾಟಲಾಗನ್ನು ಸಿದ್ಧಪಡಿಸಿದ. ಅದರ ಇಂಗ್ಲಿಷ್ ಆವೃತ್ತಿ 1912ರಲ್ಲಿ ಹೊರಬಂದಿತು. ಮಳಿಗೆಗಳೇನೋ ಮೇಳ ಮುಗಿದೊಡನೆ ಬಿಚ್ಚಿಹೋಗುತ್ತವೆ, ಆದರೆ ಇಂಥ ಕ್ಯಾಟಲಾಗೊಂದು ಉಳಿದರೆ ನನ್ನಂಥವರಿಗೆ ಗೋಡೆ ಸಿಕ್ಕಂತೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕಿತ್ತು. ಪರದೇಶದ ಸಲಹೆಗಾರನೊಬ್ಬ ಒಂದು ರಾಜ್ಯದ ಪ್ರದರ್ಶನವನ್ನು ಜೋಡಿಸಿದರೆ ಅಲ್ಲಿ ಮಾತನಾಡುತ್ತಿರುವವರು ಯಾರು: ಅರಸನೇ, ಸಲಹೆಗಾರನೇ ಅಥವಾ ಮೇಳವನ್ನು ನಡೆಸುವ ಆತಿಥೇಯರೇ? ಸಾಮಾನ್ಯವಾಗಿ ಇಂಥ ವಿಷಯದ ಫಲಕಗಳು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ಒಂದೋ ಬಿಳಿಯ ಅಧಿಕಾರಿಯನ್ನು ಕಥಾನಾಯಕನನ್ನಾಗಿ ಮಾಡುತ್ತವೆ, ಇಲ್ಲವೇ ಎಲ್ಲವೂ ಅವನ ಕಣ್ಣಿನ ಕಲ್ಪನೆ ಎಂದು ತಳ್ಳಿಹಾಕುತ್ತವೆ. ಸಿಯಾಮ್‌ನ ವಿಚಾರದಲ್ಲಿ ಎರಡೂ ಸಲ್ಲುವುದಿಲ್ಲ. 1855ರಲ್ಲಿ ಬ್ರಿಟನ್ನಿನೊಡನೆ ಆದ ಬೌರಿಂಗ್ ಒಪ್ಪಂದದಿಂದ ಮೊದಲುಗೊಂಡು ಯುರೋಪಿನ ಪ್ರಜೆಗಳ ಮೇಲೆ ಸಿಯಾಮ್‌ನ ನ್ಯಾಯಾಲಯಗಳಿಗೆ ಅಧಿಕಾರವಿಲ್ಲದಂತಾಗಿತ್ತು, ಆಮದು ಸುಂಕಕ್ಕೆ ಮಿತಿ ಬಿದ್ದಿತ್ತು. ಆ ಒಪ್ಪಂದಗಳನ್ನು ತಿದ್ದಿಸಬೇಕಾದರೆ ತಾವು ಸುವ್ಯವಸ್ಥಿತ ಆಧುನಿಕ ರಾಜ್ಯವೆಂದು ತೋರಿಸಬೇಕಿತ್ತು. ಬ್ರಿಟನ್ನಿನ ಮತ್ತು ಫ್ರಾನ್ಸಿನ ವಸಾಹತುಗಳ ನಡುವೆ ಇದ್ದ ಅರಮನೆ ಬೆಲ್ಜಿಯಮ್ಮಿನ ರೋಲಿನ್-ಜಾಕ್‌ಮಿನ್, ಅಮೆರಿಕದ ಎಡ್ವರ್ಡ್ ಸ್ಟ್ರೋಬೆಲ್ ಮುಂತಾದವರನ್ನು ಪ್ರಧಾನ ಸಲಹೆಗಾರರ ಹುದ್ದೆಗೆ ತಂದದ್ದರ ಹಿಂದೆಯೂ ಇದೇ ಲೆಕ್ಕಾಚಾರವಿತ್ತು: ಯಾವ ಒಂದು ಬಲಾಢ್ಯ ದೇಶದ ಕೈಗೂ ಪೂರ್ತಿ ಸಿಗಬಾರದು. ಆದ್ದರಿಂದ ಮಳಿಗೆಯೆಂಬುದು ರಾಜತಂತ್ರದ ಒಂದು ತುಂಡು, ಜೆರಿನಿ ಅದರ ಕುಶಲಿ, ಅದರ ಒಡೆಯನಲ್ಲ ಎಂಬ ನಿಲುವಿಗೆ ಬಂದೆ. ಮುಂದಿನ ಪ್ರತಿಯೊಂದು ಫಲಕವನ್ನೂ ಈ ನಿಲುವಿಗೆ ಒರೆಹಚ್ಚಿಯೇ ಬರೆದೆ.

ಜೆರಿನಿಯ ಮುಂದೆ ಹಳೆಯ ಮಾದರಿಗಳಿದ್ದವು. 1867ರ ಪ್ಯಾರಿಸ್ ಮೇಳದಲ್ಲಿ ಸಿಯಾಮ್ ಭಾಗವಹಿಸಿತ್ತು. 1876ರ ಫಿಲಡೆಲ್ಫಿಯಾಕ್ಕೆ ಅರಸ ಚುಲಲಾಂಗ್‌ಕಾರ್ನ್ ಕಳುಹಿಸಿದ ವಸ್ತುಗಳು ಅಮೆರಿಕಕ್ಕೆ ಕೊಡುಗೆಯಾಗಿ ಸಂದು ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿದವು. 1882ರಲ್ಲಿ ಬ್ಯಾಂಕಾಕಿಗೆ ನೂರು ವರ್ಷ ತುಂಬಿದಾಗ ಸನಾಮ್ ಲುವಾಂಗ್ ಮೈದಾನದಲ್ಲೇ ಒಂದು ರಾಷ್ಟ್ರೀಯ ಪ್ರದರ್ಶನ ನಡೆಯಿತು. 1904ರ ಸೇಂಟ್ ಲೂಯಿಸ್‌ನಲ್ಲಿ ಬೆಂಚಮಬೋಫಿತ್ ದೇವಾಲಯವನ್ನು ಹೋಲುವ ಕಟ್ಟಡ ಎದ್ದಿತು. ಅಲ್ಲಿ ಸಿಯಾಮ್ ಆಯೋಗದ ಕಾರ್ಯದರ್ಶಿಯಾಗಿದ್ದವನೂ ಎ. ಸೆಸಿಲ್ ಕಾರ್ಟರ್ ಎಂಬ ಪರದೇಶಿಯೇ. ಇವೆಲ್ಲವನ್ನೂ ಒಂದೇ ಕಾಲರೇಖೆಯ ಫಲಕದಲ್ಲಿ ಮುಗಿಸಿದೆ, ಹೆಚ್ಚು ಎಳೆಯಲಿಲ್ಲ.

ನಿಜವಾದ ಶ್ರಮ ವರ್ಗೀಕರಣದಲ್ಲಿತ್ತು. ಇಂಥ ಮೇಳಗಳಲ್ಲಿ ಯಾವ ವಸ್ತು ಯಾವ ಗುಂಪಿಗೆ, ಯಾವ ವರ್ಗಕ್ಕೆ ಸೇರಬೇಕೆಂಬ ಪಟ್ಟಿಯನ್ನು ಆತಿಥೇಯರೇ ಮೊದಲು ಮಾಡಿರುತ್ತಾರೆ. ಭಾಗವಹಿಸುವ ರಾಜ್ಯ ತನ್ನ ಬದುಕನ್ನು ಆ ಖಾನೆಗಳಿಗೆ ತಕ್ಕಂತೆ ಕತ್ತರಿಸಿ ತುಂಬಬೇಕು. ಈ ಶಿಸ್ತು ಅತ್ಯಂತ ಕಟ್ಟುನಿಟ್ಟಾಗಿ ಕಂಡದ್ದು 1867ರ ಪ್ಯಾರಿಸ್‌ನಲ್ಲಿ. ಅಲ್ಲಿನ ಅಂಡಾಕಾರದ ಭವನದಲ್ಲಿ ಸುತ್ತುಹಾದಿಯಲ್ಲಿ ನಡೆದರೆ ಒಂದೇ ಬಗೆಯ ಸರಕು ಎಲ್ಲ ದೇಶಗಳದ್ದೂ ಸಿಗುತ್ತಿತ್ತು, ಒಳಗಿನಿಂದ ಹೊರಕ್ಕೆ ನೇರವಾಗಿ ನಡೆದರೆ ಒಂದೇ ದೇಶದ ಎಲ್ಲ ಸರಕೂ ಸಿಗುತ್ತಿತ್ತು. ಈ ವಿನ್ಯಾಸದ ಚಿತ್ರವನ್ನು ನಾನು ಆರಂಭದಲ್ಲೇ ಇಟ್ಟೆ. ಏಕೆಂದರೆ ಬೌದ್ಧ ವಿಹಾರದ ಪಾತ್ರೆಯೊಂದು ಏಕೆ ‘ಲೋಹದ ಕೆಲಸ’ ಎಂಬ ತಲೆಬರಹದಡಿ ಬಂದು ಕೂತಿದೆ ಎಂಬುದನ್ನು ನೋಡುಗರು ಆಗಲೇ ಅರಿಯುತ್ತಾರೆ.

ಕ್ಯಾಟಲಾಗನ್ನು ಓದುವಾಗ ಪ್ರತಿಯೊಂದು ನಮೂದಿಗೂ ಒಂದು ಚೀಟಿ ಮಾಡಿಕೊಂಡೆ. ಚೀಟಿಯ ಎಡಕ್ಕೆ ಮೇಳದ ವರ್ಗ, ಬಲಕ್ಕೆ ಆ ವಸ್ತು ತನ್ನ ಊರಿನಲ್ಲಿ ಸಲ್ಲುತ್ತಿದ್ದ ಜಾಗ: ಅಡುಗೆಮನೆ, ಹೊಲ, ದೋಣಿ, ವಿಹಾರ, ಅರಮನೆ. ಕೆಳಗೆ ಅದರ ಬಗ್ಗೆ ಮಾತನಾಡುತ್ತಿರುವ ದನಿ ಯಾರದು ಎಂಬ ಗುರುತು. ಜೆರಿನಿ ಬರಿಯ ಪಟ್ಟಿಕಾರನಲ್ಲ. ಪೂರ್ವ ಏಷ್ಯಾದ ಪ್ರಾಚೀನ ಭೂಗೋಳದ ಮೇಲೆ ದಪ್ಪ ಗ್ರಂಥವನ್ನೇ ಬರೆದ ವಿದ್ವಾಂಸ. ಹಾಗಾಗಿ ಅವನ ನಮೂದುಗಳು ಹಲವೆಡೆ ಇತಿಹಾಸದ ಪ್ರಬಂಧಗಳಾಗಿ ಬೆಳೆದುಬಿಡುತ್ತವೆ. ವ್ಯಾಪಾರದ ಅಂಕಿಅಂಶ ಬೇಕಾದವನಿಗೆ ಇದು ಬೇಸರ ತರಿಸೀತು. ನನಗೆ ಮಾತ್ರ ಅವನು ಖಾನೆಯ ಅಂಚನ್ನು ದಾಟಿ ಬರೆಯುವ ಆ ಕಡೆಗಳೇ ಹೆಚ್ಚು ಪ್ರಯೋಜನಕ್ಕೆ ಬಂದವು, ಏಕೆಂದರೆ ಆತಿಥೇಯರ ನಮೂನೆ ಎಲ್ಲಿ ಮುಗಿಯಿತು, ಸಲಹೆಗಾರನ ಕೈ ಎಲ್ಲಿ ಶುರುವಾಯಿತು ಎಂಬುದು ಅಲ್ಲೇ ತಿಳಿಯುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ತೋರಿಸಬೇಕೆಂದು ನಾನು ಆರಿಸಿಕೊಂಡದ್ದು ಸಿಯಾಮ್‌ನ ಕಪ್ಪುಗಾರೆಯ ಬೆಳ್ಳಿ ಕೆಲಸವನ್ನು. ಅಲ್ಲಿನವರು ಇದನ್ನು ‘ಥೋಮ್’ ಎನ್ನುತ್ತಾರೆ. ದಕ್ಷಿಣದ ನಖೋನ್ ಸಿ ಥಮ್ಮರಾತ್ ಇದಕ್ಕೆ ಹೆಸರಾದ ಊರು. ಬೆಳ್ಳಿಯ ಬಟ್ಟಲಿನ ಮೇಲೆ ಬಳ್ಳಿ, ಎಲೆ, ದೇವತೆಯ ಆಕೃತಿಗಳನ್ನು ಬಿಡಿಸಿ, ಅವುಗಳ ಸುತ್ತಲಿನ ಹಿನ್ನೆಲೆಯನ್ನು ಕೊರೆದು ತಗ್ಗು ಮಾಡುತ್ತಾರೆ. ಬೆಳ್ಳಿ, ತಾಮ್ರ, ಸೀಸಗಳನ್ನು ಗಂಧಕದೊಡನೆ ಕರಗಿಸಿ ಪಡೆದ ಕಪ್ಪು ಮಿಶ್ರಣವನ್ನು ಪುಡಿ ಮಾಡಿ ಆ ತಗ್ಗಿನಲ್ಲಿ ತುಂಬಿ ಕಾಯಿಸಿದಾಗ ಅದು ಕರಗಿ ಬೆಳ್ಳಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅರ ಹಾಕಿ ಉಜ್ಜಿ ಹೊಳಪು ಕೊಟ್ಟರೆ ಕಪ್ಪಿನ ನಡುವೆ ಬೆಳ್ಳಿಯ ಚಿತ್ತಾರ ಎದ್ದು ಕಾಣುತ್ತದೆ. ನಮ್ಮ ಓದುಗರಿಗೆ ಇದನ್ನು ತಿಳಿಸಲು ಬೀದರಿನ ಬಿದರಿ ಕೆಲಸಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ, ಅದೂ ತಿರುಗುಮುರುಗಾಗಿ. ಬಿದರಿಯಲ್ಲಿ ಪಾತ್ರೆಯ ಒಡಲು ಸತು ಮತ್ತು ತಾಮ್ರದ ಮಿಶ್ರಲೋಹದ್ದು, ಅದರೊಳಗೆ ಬೆಳ್ಳಿಯನ್ನು ಕೂರಿಸುತ್ತಾರೆ. ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಒಡಲನ್ನಷ್ಟೇ ಕಪ್ಪಾಗಿಸಿ ಬೆಳ್ಳಿಯನ್ನು ಹಾಗೇ ಬಿಡುತ್ತದೆ. ಥೋಮ್‌ನಲ್ಲಿ ಒಡಲೇ ಬೆಳ್ಳಿ, ಕೂರಿಸುವುದು ಕಪ್ಪನ್ನು. ಈ ಎರಡರ ಅಡ್ಡಕೊಯ್ತದ ಚಿತ್ರಗಳನ್ನು ಅಕ್ಕಪಕ್ಕ ಬರೆಸಿ ಕಣ್ಣಿನ ಮಟ್ಟದಲ್ಲಿ ಹಾಕಿಸಿದೆ. ಅರಮನೆಯಲ್ಲಿ ಇಂಥ ಪಾತ್ರೆಗಳು ಅಧಿಕಾರಿಯ ದರ್ಜೆಯ ಗುರುತಾಗಿ ಅರಸನ ಕೈಯಿಂದ ಸಲ್ಲುತ್ತಿದ್ದವೆಂಬ ಸಂಗತಿಯನ್ನು ಚೀಟಿಯ ಬಲಭಾಗದಿಂದ ಎತ್ತಿ ಫಲಕದ ಮೊದಲ ಸಾಲಿಗೆ ತಂದೆ. ‘ಲೋಹದ ಕೆಲಸ’ ಎಂಬ ಖಾನೆಯಲ್ಲಿ ಕಳೆದುಹೋಗಿದ್ದುದು ಅದೇ.

ಕೃಷಿ, ಅರಣ್ಯ, ರೇಷ್ಮೆಯ ಭಾಗಕ್ಕೆ ಬಂದಾಗ ಇನ್ನೊಂದು ಸಂಗತಿ ಎದುರಾಯಿತು. ಮಳಿಗೆಯನ್ನು ಜೋಡಿಸಿದವನಷ್ಟೇ ಅಲ್ಲ, ಅಲ್ಲಿ ತೋರಿಸುತ್ತಿದ್ದ ಆಡಳಿತದ ಹಲವು ಇಲಾಖೆಗಳನ್ನು ಕಟ್ಟಿದವರೂ ಪರದೇಶಿಗಳೇ. ಬರ್ಮಾದಿಂದ ಬಂದ ಬ್ರಿಟಿಷ್ ಅಧಿಕಾರಿ ಸ್ಲೇಡ್ 1896ರಲ್ಲಿ ಅರಣ್ಯ ಇಲಾಖೆಯನ್ನು ಸ್ಥಾಪಿಸಿ ತೇಗದ ಕಡಿತಕ್ಕೆ ಲಗಾಮು ಹಾಕಿದ. 1902ರಿಂದ ಡಚ್ ಎಂಜಿನಿಯರ್ ಹೋಮನ್ ವಾನ್ ಡರ್ ಹೈಡ ಚಾವೊ ಫ್ರಾಯ ನದಿಯ ಬಯಲಿನ ನೀರಾವರಿಗೆ ಯೋಜನೆಗಳನ್ನು ಬರೆದ. ಖರ್ಚು ಹೆಚ್ಚೆಂದು ಅವನ ದೊಡ್ಡ ಯೋಜನೆಯನ್ನು ಸರ್ಕಾರ ಬದಿಗಿಟ್ಟಿತು. ರೇಷ್ಮೆಗೆ ಬಂದವನು ಜಪಾನಿನ ಕಮೆತಾರೊ ತೊಯಾಮ. ಮೆಂಡೆಲ್‌ನ ಅನುವಂಶೀಯತೆಯ ನಿಯಮಗಳು ರೇಷ್ಮೆಹುಳುವಿಗೂ ಅನ್ವಯಿಸುತ್ತವೆಂದು ತೋರಿಸಿಕೊಟ್ಟವನು ಅವನೇ. ಇವರನ್ನೆಲ್ಲ ಒಂದೇ ಫಲಕಕ್ಕೆ ತಂದು, ಪ್ರತಿಯೊಬ್ಬನ ಎದುರಿಗೆ ಅವನು ವರದಿ ಒಪ್ಪಿಸುತ್ತಿದ್ದ ಸಿಯಾಮ್‌ನ ಇಲಾಖೆಯನ್ನು ಬರೆದೆ. ಬರಿಯ ಪರದೇಶಿಗಳ ಭಾವಚಿತ್ರಗಳ ಸಾಲು ಹಾಕಿದ್ದರೆ ನೋಡುಗರಿಗೆ ಬೇರೆಯೇ ಅರ್ಥ ಹೋಗುತ್ತಿತ್ತು. ಸಂಬಳ ಕೊಡುತ್ತಿದ್ದವರು, ಬೇಡವೆನ್ನುವ ಅಧಿಕಾರವನ್ನು ಉಳಿಸಿಕೊಂಡವರು ಯಾರೆಂಬುದೂ ಕಾಣಬೇಕು.

ಕಟ್ಟಡದ ಫಲಕ ಸುಲಭವಾಗಿ ಒದಗಿಬಂತು. ವಾಲೆಂಟಿನೊ ಉದ್ಯಾನದ ಸುತ್ತ, ಪೊ ನದಿಯ ದಂಡೆಗಳಲ್ಲಿ ಮೇಳ ಹರಡಿತ್ತು. ಸಿಯಾಮ್‌ನ ಮಂಟಪವನ್ನು ರೂಪಿಸಿದವರು ಮಾರಿಯೊ ತಮಾನ್ಯೊ ಮತ್ತು ಅನ್ನಿಬಾಲೆ ರಿಗೊತ್ತಿ. ಇಬ್ಬರೂ ಇಟಲಿಯವರು, ಇಬ್ಬರೂ ಬ್ಯಾಂಕಾಕಿನಲ್ಲಿ ಆನಂತ ಸಮಾಖೋಮ್ ಸಿಂಹಾಸನ ಭವನಕ್ಕೆ ನಕ್ಷೆ ಬರೆದವರು. ಅಲ್ಲಿ ಅರಸನಿಗಾಗಿ ಕರಾರ ಅಮೃತಶಿಲೆಯಲ್ಲಿ ಯುರೋಪಿನ ಗುಮ್ಮಟವನ್ನು ಎಬ್ಬಿಸುತ್ತಿದ್ದ ಕಾಲದಲ್ಲೇ ಇಲ್ಲಿ ಇಟಲಿಯ ಜನರಿಗಾಗಿ ಸಿಯಾಮ್‌ನ ಚೂಪು ಮಾಡುಗಳನ್ನು ಎಬ್ಬಿಸಿದರು. ಸಿಂಹಾಸನ ಭವನದ ಒಳಗಿನ ಚಿತ್ರಗಳಿಗಾಗಿ ಗಲಿಲೆಯೊ ಕಿನಿ ಬ್ಯಾಂಕಾಕಿಗೆ ಬಂದದ್ದೂ ಇದೇ 1911ರಲ್ಲಿ. ಎರಡು ಕಟ್ಟಡಗಳ ಚಿತ್ರಗಳನ್ನು ಎದುರುಬದಿರಾಗಿಟ್ಟು, ನಡುವೆ ಜಿನೋವಾ, ಸೂಯೆಜ್, ಸಿಂಗಪುರಗಳ ಹಡಗಿನ ದಾರಿಯ ನಕ್ಷೆಯನ್ನು ಹಾಕಿದೆ. ಹೆಚ್ಚು ಮಾತು ಬೇಕಾಗಲಿಲ್ಲ.

ಕಾಲದ ವಿಚಾರದಲ್ಲಿ ಎಚ್ಚರ ಬೇಕಿತ್ತು. 1910ರ ಅಕ್ಟೋಬರ್ 23ರಂದು ಚುಲಲಾಂಗ್‌ಕಾರ್ನ್ ತೀರಿಕೊಂಡು ಮಗ ವಜಿರಾವುಧ್ ಪಟ್ಟಕ್ಕೆ ಬಂದಿದ್ದ. ಅಂತ್ಯಕ್ರಿಯೆ ನಡೆದದ್ದು ಮೇಳ ತೆರೆಯುವ ಮುಂಚಿನ ತಿಂಗಳು, ಮಾರ್ಚ್‌ನಲ್ಲಿ. ಹಾಗಾಗಿ ಹಿಂದಿನ ಅರಸನ ಆಳ್ವಿಕೆಯ ಫಲವನ್ನು ಹೊಸ ಅರಸನ ಹೆಸರಿನಲ್ಲಿ ತೋರಿಸಬೇಕಾಯಿತು. ಫಲಕಗಳ ಮೇಲೆ ಬಳಸುವ ಬಾವುಟದ ಬಗ್ಗೆಯೂ ವಿನ್ಯಾಸಕಾರರಿಗೆ ನಾನು ಮೊದಲೇ ಹೇಳಿಟ್ಟೆ: ಈಗಿನ ಮೂರು ಬಣ್ಣದ ಪಟ್ಟೆಗಳದ್ದಲ್ಲ, ಕೆಂಪು ನೆಲದ ಮೇಲೆ ಬಿಳಿ ಆನೆಯದ್ದು. ದೇಶದ ಹೆಸರೂ 1939ರವರೆಗೆ ಸಿಯಾಮ್ ಎಂದೇ ಇದ್ದುದರಿಂದ ಎಲ್ಲ ಕಡೆಯೂ ಅದನ್ನೇ ಉಳಿಸಿದೆ.

ಕಡೆಯ ಗೋಡೆಯನ್ನು ಮೇಳದ ಹೆಸರಿನಲ್ಲಿದ್ದ ‘ದುಡಿಮೆ’ಗೆ ಮೀಸಲಿಟ್ಟೆ. ಭತ್ತ, ತೇಗ, ತವರ ಇವು ಸಿಯಾಮ್‌ನ ಮುಖ್ಯ ರಫ್ತುಗಳು. ಅವುಗಳ ಮಾದರಿಗಳನ್ನು ತೋರಿಸುವುದು ಎಂಥ ಮೇಳಕ್ಕೂ ಹೊಂದುತ್ತದೆ. ಬೆವರು ಸುರಿಸಿದವರನ್ನು ತೋರಿಸುವ ಖಾನೆ ಮಾತ್ರ ಇಂಥ ಮೇಳಗಳಲ್ಲಿ ಕಿರಿದು. ಬ್ಯಾಂಕಾಕಿನ ಅಕ್ಕಿ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಚೀನೀಯರು. 1910ರ ಜೂನ್‌ನಲ್ಲಿ ತಲೆಗಂದಾಯದ ವಿರುದ್ಧ ಚೀನೀಯರು ಕೆಲಸ ನಿಲ್ಲಿಸಿ ಅಂಗಡಿ ಮುಚ್ಚಿದಾಗ ನಗರದ ವ್ಯಾಪಾರವೇ ಕೆಲವು ದಿನ ಸ್ತಬ್ಧವಾಗಿತ್ತು. ಜೀತದ ಪದ್ಧತಿಗೆ ಕೊನೆ ಹಾಡುವ ಕಾನೂನು ಬಂದು ಆಗಿನ್ನೂ ಆರೇ ವರ್ಷ, ಅಂದರೆ 1905ರ ಮಾತು. 1907ರಲ್ಲಿ ಬತ್ತಂಬಾಂಗ್, ಸಿಯೆಮ್ ರೀಪ್ ಪ್ರಾಂತಗಳು ಫ್ರಾನ್ಸಿಗೆ ಹೋಗಿದ್ದವು, 1909ರಲ್ಲಿ ಕೇದಾ, ಕೆಲಂತನ್, ತ್ರೆಂಗಾನು, ಪೆರ್ಲಿಸ್ ಬ್ರಿಟನ್ನಿಗೆ. ಇವನ್ನೆಲ್ಲ ಜೆರಿನಿಯ ತಪ್ಪೆಂದು ಬರೆಯುವುದು ಅನ್ಯಾಯ. ಒಂದು ರಾಜ್ಯದ ಪರವಾಗಿ ನೇಮಕಗೊಂಡವನು ಆ ರಾಜ್ಯದ ಗಾಯಗಳನ್ನು ಪರರ ಎದುರು ಬಿಚ್ಚಿಡುವುದಿಲ್ಲ. ಅದು ಅವನ ಕೆಲಸವಲ್ಲ, ನನ್ನ ಕೆಲಸ. ಹಾಗಾಗಿ ಈ ಸಂಗತಿಗಳನ್ನು ಅವನ ನಮೂದುಗಳಿಗೆ ಅಂಟಿಸದೆ, ಬೇರೆ ಬಣ್ಣದ ಫಲಕಗಳಲ್ಲಿ, ಇವು ಇಂದಿನ ಟಿಪ್ಪಣಿಗಳೆಂದು ಸ್ಪಷ್ಟವಾಗಿ ತೋರುವಂತೆ ಇಟ್ಟೆ.

ಫಲಕಗಳ ಉದ್ದದ ಬಗ್ಗೆ ಜೊತೆಗಾರರೊಡನೆ ಕೊನೆಯವರೆಗೂ ವಾದ ನಡೆಯಿತು. ನಿಂತು ಓದುವವರು ಉದ್ದನೆಯ ಪಠ್ಯವನ್ನು ಸಹಿಸುವುದಿಲ್ಲ ಎಂಬುದು ಅವರ ಅನುಭವ, ಅದು ನನ್ನ ಅನುಭವವೂ ಹೌದು. ಜೆರಿನಿಯ ನಮೂದುಗಳನ್ನು ಮಾತ್ರ ತೀರ ಮೊಟಕುಗೊಳಿಸಿದರೆ ಅವನ ವಿದ್ವತ್ತಿನ ಜೊತೆಗೆ ಅವನ ಅತಿಯೂ ಮಾಯವಾಗುತ್ತಿತ್ತು. ಕಡೆಗೆ ಪ್ರತಿ ವಿಭಾಗಕ್ಕೂ ಒಂದು ನಮೂದನ್ನು ಅವನ ವಿಸ್ತಾರದಲ್ಲೇ ಅನುವಾದಿಸಿ ಕುರ್ಚಿಯ ಪಕ್ಕದ ಇಳಿಜಾರು ಮೇಜಿನ ಮೇಲೆ ಹಾಕಿಸಿ, ಗೋಡೆಯ ಮೇಲೆ ಚಿಕ್ಕ ಪಠ್ಯಗಳನ್ನಷ್ಟೇ ಬಿಟ್ಟೆವು. ಥೋಮ್ ಬಟ್ಟಲಿನ ನಮೂದಿನ ಮುಂದೆ ಎರಡು ಕುರ್ಚಿ ಹಾಕಿಸಬೇಕಾಯಿತು.