ಅಂಚೆಚೀಟಿ ಬಿಡಿಸಲು ಅವಸರ ಬೇಡ

ವಿಜಯಪುರದಲ್ಲಿ ಹೊಸದಾಗಿ ಅಂಚೆಚೀಟಿ ಕೂಡಿಸುತ್ತಿರುವವರಿಗೆ ಒಂದು ಮಾತು. ವಿದೇಶದ ಪತ್ರಗೆಳೆಯರು ಕಳಿಸಿದ ಪೋಸ್ಟ್‌ಕಾರ್ಡ್‌ನಿಂದ ಚೀಟಿ ಕೀಳಬೇಡಿ. ಮುದ್ರೆ ಸಮೇತ ಇಡೀ ಕಾರ್ಡನ್ನೇ ಇಟ್ಟುಕೊಳ್ಳಿ, ಅದರ ಚಂದವೇ ಬೇರೆ.

ಲಕೋಟೆಯ ಚೀಟಿಯಾದರೆ ಸುತ್ತ ಸ್ವಲ್ಪ ಕಾಗದ ಬಿಟ್ಟು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಬಿಡಿ. ಅಂಟು ಕರಗಿ ಚೀಟಿ ತಾನಾಗಿಯೇ ಜಾರಿ ಬರುತ್ತದೆ. ಎಳೆದರೆ ಅಂಚಿನ ಹಲ್ಲುಗಳು ಹರಿಯುತ್ತವೆ. ಜಪಾನಿನ ಒಂದು ಚೀಟಿ ಹಾಗೇ ಹಾಳಾಯಿತು, ನನಗೆ ಇನ್ನೂ ಬೇಜಾರಿದೆ. ಆಮೇಲೆ ಬಿಳಿ ಹಾಳೆ ಮೇಲೆ ಮುಖ ಕೆಳಗೆ ಮಾಡಿ ನೆರಳಲ್ಲೇ ಒಣಗಿಸಿ. ನಮ್ಮೂರ ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸುರುಳಿಯಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಅಮೆರಿಕದ ಈಚಿನ ಸ್ಟಿಕ್ಕರ್ ಚೀಟಿಗಳು ನೀರಿಗೆ ಸರಿಯಾಗಿ ಬಿಡುವುದಿಲ್ಲ. ಅವನ್ನು ಕಾಗದದ ಜೊತೆಗೇ ಇಡಿ.

ನೀವು ಕಳಿಸುವುದಾದರೆ ಗೋಳಗುಮ್ಮಟದ ಕಾರ್ಡೇ ಕಳಿಸಿ. 1949ರ 6 ಆಣೆ ಚೀಟಿಯ ಮೇಲೆ ಅದೇ ಇತ್ತು. ಇದನ್ನು ಎರಡು ಸಾಲಲ್ಲಿ ಬರೆದು ತಿಳಿಸಿ, ಅವರಿಗೆ ತುಂಬಾ ಖುಷಿಯಾಗುತ್ತೆ. 50 ಪೈಸೆಯ ಕಾರ್ಡ್ ದೇಶದೊಳಗೆ ಮಾತ್ರ ನಡೆಯುತ್ತದೆ. ವಿದೇಶಕ್ಕೆ ಎಷ್ಟು ಹಚ್ಚಬೇಕೆಂದು ಅಂಚೆ ಕೌಂಟರಿನಲ್ಲೇ ಕೇಳಿ. ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಬರೆಯಿರಿ.