ಸೊನ್ನೆಯನ್ನೂ ಬರೆದಿಡಬೇಕು: ಫೀನಿಕ್ಸ್‌ನ ಬಿಸಿಲು, ಮಳೆ ಅಳೆದ ನನ್ನ ಅನುಭವ

ಅಮೆರಿಕದ ಅರಿಜೋನಾದಲ್ಲಿ, ಸೊನೊರನ್ ಮರುಭೂಮಿಯೊಳಗೆ ಇರುವ ಊರು ಫೀನಿಕ್ಸ್. ಇಲ್ಲಿ ಬೇಸಿಗೆ ಬಂತೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: ಇವತ್ತು ಎಷ್ಟು ಡಿಗ್ರಿ? ಫೋನ್ ತೆಗೆದರೆ ಉತ್ತರ ಸಿಗುತ್ತದೆ. ಊರಿನ ಅಧಿಕೃತ ಲೆಕ್ಕವಿರುವುದು ಸ್ಕೈ ಹಾರ್ಬರ್ ವಿಮಾನ ನಿಲ್ದಾಣದಲ್ಲಿ. ಆದರೆ ಅದು ವಿಮಾನ ನಿಲ್ದಾಣದ ಬಿಸಿಲು, ವಿಮಾನ ನಿಲ್ದಾಣದ ಮಳೆ. ನನ್ನ ಹಿತ್ತಲಲ್ಲಿ ಏನಾಗುತ್ತಿದೆ ಅಂತ ತಿಳಿಯಬೇಕಾದರೆ ನಾನೇ ಅಳೆಯಬೇಕು. ಹಾಗಾಗಿ ಹಿತ್ತಲಲ್ಲಿ ಒಂದು ಥರ್ಮಾಮೀಟರ್, ಒಂದು ಮಳೆಮಾಪಕ ಇಟ್ಟು ಕೆಲವು ವರ್ಷಗಳಿಂದ ಬರೆದಿಡುತ್ತಾ ಬಂದಿದ್ದೇನೆ.

ಮೊದಲು ಊರಿನ ಅಳತೆ ಎಷ್ಟು ಎಂದು ಹೇಳಿಬಿಡುತ್ತೇನೆ. ಇಲ್ಲಿ ಇಡೀ ವರ್ಷಕ್ಕೆ ಸರಾಸರಿ ಮಳೆ ಸುಮಾರು 7.2 ಇಂಚು, ಅಂದರೆ 183 ಮಿ.ಮೀ. ಅಧಿಕೃತ ದಾಖಲೆಯ ಅತಿ ಹೆಚ್ಚು ತಾಪಮಾನ 50 ಡಿಗ್ರಿ ಸೆಲ್ಸಿಯಸ್ (122 ಫ್ಯಾರನ್‌ಹೀಟ್), 1990ರ ಜೂನ್ 26ರಂದು. ಇಲ್ಲಿನ ಜನ ಎಣಿಸುವುದು ಮಾತ್ರ ಇನ್ನೊಂದನ್ನು. 110 ಫ್ಯಾರನ್‌ಹೀಟ್, ಅಂದರೆ 43.3 ಡಿಗ್ರಿ ಮುಟ್ಟಿದ ಅಥವಾ ದಾಟಿದ ದಿನಗಳು ಎಷ್ಟು ಅಂತ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಹಾಗಿತ್ತು. 2024ರಲ್ಲಿ ಅಂಥ ದಿನಗಳು ಒಟ್ಟು 70. ಅದೇ ವರ್ಷ ಮೇ 27ರಿಂದ ಸತತ 113 ದಿನ ಹಗಲಿನ ಗರಿಷ್ಠ ತಾಪಮಾನ 100 ಫ್ಯಾರನ್‌ಹೀಟ್‌ಗಿಂತ (37.8 ಡಿಗ್ರಿ) ಕೆಳಗೆ ಇಳಿಯಲೇ ಇಲ್ಲ. ಅದಕ್ಕೂ ಮುಂಚಿನ ದಾಖಲೆ 1993ರದ್ದು, ಅದು ಬರೀ 76 ದಿನ.

ಥರ್ಮಾಮೀಟರ್ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯ ಜಾಗ. ಬಿಸಿಲಿಗೆ ಒಡ್ಡಿದ ಥರ್ಮಾಮೀಟರ್ ಗಾಳಿಯ ಬಿಸಿ ತೋರಿಸುವುದಿಲ್ಲ, ತಾನೇ ಎಷ್ಟು ಕಾದಿದೆ ಎಂಬುದನ್ನು ತೋರಿಸುತ್ತದೆ. ಕಾರಿನ ಪರದೆಯಲ್ಲಿ 50 ದಾಟಿದ ಅಂಕಿಯ ಫೋಟೋ ತೆಗೆದು ಕಳಿಸುವವರು ಬಹಳ ಜನ ಇದ್ದಾರೆ. ಅದರಲ್ಲಿ ಡಾಂಬರು ರಸ್ತೆಯ ಕಾವು, ಎಂಜಿನ್ ಕಾವು ಎಲ್ಲ ಸೇರಿರುತ್ತದೆ. ಇಲ್ಲಿ ಮಧ್ಯಾಹ್ನ ಡಾಂಬರು 70 ಡಿಗ್ರಿ ದಾಟುತ್ತದೆ. ಬರಿಗಾಲಿಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಅದಕ್ಕೇ ನಾನು ಥರ್ಮಾಮೀಟರಿನ ಸಂವೇದಕವನ್ನು (ಸೆನ್ಸರ್) ಒಂದರ ಮೇಲೊಂದು ತಟ್ಟೆ ಜೋಡಿಸಿದಂಥ ಬಿಳಿ ಪ್ಲಾಸ್ಟಿಕ್ ಗೂಡಿನೊಳಗೆ ಇಟ್ಟೆ. ಬಿಸಿಲು ಒಳಗೆ ಬರಬಾರದು, ಗಾಳಿ ಮಾತ್ರ ಓಡಾಡಬೇಕು. ಎತ್ತರ ನೆಲದಿಂದ ಸುಮಾರು ಒಂದೂವರೆ ಮೀಟರ್. ಕೆಳಗೆ ಕಾಂಕ್ರೀಟ್ ಇರಬಾರದು, ಮಣ್ಣಿನ ನೆಲವೇ ಇರಬೇಕು. ಗೋಡೆ, ಏಸಿಯ ಹೊರಗಿನ ಪೆಟ್ಟಿಗೆ, ಈಜುಕೊಳ ಎಲ್ಲದರಿಂದಲೂ ದೂರ. ಸಣ್ಣ ಹಿತ್ತಲಲ್ಲಿ ಇಷ್ಟೆಲ್ಲ ಹೊಂದಿಸುವುದು ಕಷ್ಟವೇ. ಆದರೂ ಇದ್ದುದರಲ್ಲಿ ಒಳ್ಳೆಯ ಜಾಗ ಹುಡುಕಿ, ಆಮೇಲೆ ಅದನ್ನು ಕದಲಿಸಬಾರದು. ಜಾಗ ಬದಲಾದರೆ ಹಿಂದಿನ ವರ್ಷದ ಜೊತೆ ಹೋಲಿಸಲು ಆಗುವುದಿಲ್ಲ. ಗೂಡಿಗೆ ಹಾಕುವ ಮುಂಚೆ ಪುಡಿ ಮಾಡಿದ ಐಸ್ ಮತ್ತು ನೀರು ಬೆರೆಸಿದ ಲೋಟದಲ್ಲಿ ಸಂವೇದಕದ ತುದಿ ಅದ್ದಿ ನೋಡಿದೆ. ಸೊನ್ನೆ ಡಿಗ್ರಿ ತೋರಿಸಬೇಕು. ನೀರಿಗೆ ಅದ್ದಬಹುದಾದ ಸಂವೇದಕವಾಗಿದ್ದರೆ ಈ ಪರೀಕ್ಷೆ ಖಂಡಿತ ಮಾಡಿ.

ಹೀಗೆ ಬರೆಯುತ್ತಾ ಹೋದಂತೆ ನನ್ನ ಗಮನ ಮಧ್ಯಾಹ್ನದಿಂದ ಬೆಳಗಿನ ಜಾವಕ್ಕೆ ಹೋಯಿತು. ಮರುಭೂಮಿ ಅಂದರೆ ಹಗಲು ಬಿಸಿ, ರಾತ್ರಿ ತಂಪು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಊರಿನ ಹೊರಗಿನ ಬಯಲಿನಲ್ಲಿ ಅದು ಇವತ್ತಿಗೂ ನಿಜ. ಊರೊಳಗೆ ಹಾಗಿಲ್ಲ. ಹಗಲೆಲ್ಲ ಕಾವು ಹೀರಿದ ರಸ್ತೆ, ಗೋಡೆ, ಪಾರ್ಕಿಂಗ್ ಜಾಗಗಳು ರಾತ್ರಿಯಿಡೀ ಅದನ್ನು ಹೊರಗೆ ಬಿಡುತ್ತವೆ. 2023ರ ಜುಲೈ 19ರಂದು ಇಲ್ಲಿನ ಕನಿಷ್ಠ ತಾಪಮಾನವೇ 36 ಡಿಗ್ರಿ (97 ಫ್ಯಾರನ್‌ಹೀಟ್) ಇತ್ತು. ಇಡೀ ದಿನದಲ್ಲಿ ಅದಕ್ಕಿಂತ ತಣ್ಣಗಾಗಿದ್ದೇ ಇಲ್ಲ! ಏಸಿ ಕೆಟ್ಟ ಮನೆಯಲ್ಲಿ, ಬೀದಿಬದಿಯಲ್ಲಿ ಮಲಗುವವರಿಗೆ ಇಂಥ ರಾತ್ರಿ ಪ್ರಾಣಕ್ಕೇ ಬರುತ್ತದೆ. ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ನನ್ನ ಪುಸ್ತಕದಲ್ಲಿ ಗರಿಷ್ಠಕ್ಕಿಂತ ಮೊದಲು ಕನಿಷ್ಠವನ್ನು ಬರೆಯುತ್ತೇನೆ. ಫೀನಿಕ್ಸ್‌ನ ಬಿಸಿ ಜಾಸ್ತಿಯಾಗುತ್ತಿರುವುದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಆ ಸಾಲಿನಲ್ಲೇ.

ಇನ್ನು ಮಳೆ. ಇದರ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ.

ಇಲ್ಲೂ ಮಾನ್ಸೂನ್ ಇದೆ. ಬೇಸಿಗೆಯಲ್ಲಿ ಗಾಳಿಯ ದಿಕ್ಕು ತಿರುಗಿ, ಕ್ಯಾಲಿಫೋರ್ನಿಯಾ ಕೊಲ್ಲಿ ಮತ್ತು ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ತೇವ ಬರುತ್ತದೆ. ಹಿಂದೆ ಮಾನ್ಸೂನ್ ಶುರುವಾಯಿತು ಎನ್ನಲು ಒಂದು ನಿಯಮವಿತ್ತು. ಇಬ್ಬನಿ ಬಿಂದು (ಗಾಳಿಯಲ್ಲಿನ ತೇವ ಹನಿಗಟ್ಟಲು ಶುರುವಾಗುವ ತಾಪಮಾನ; ತೇವ ಹೆಚ್ಚಿದಷ್ಟೂ ಇದು ಏರುತ್ತದೆ) ಸತತ ಮೂರು ದಿನ ಸರಾಸರಿ 55 ಫ್ಯಾರನ್‌ಹೀಟ್ (ಸುಮಾರು 13 ಡಿಗ್ರಿ) ಅಥವಾ ಹೆಚ್ಚು ಇರಬೇಕಿತ್ತು. 2008ರಿಂದ ಅದನ್ನು ಬಿಟ್ಟು ಜೂನ್ 15ರಿಂದ ಸೆಪ್ಟೆಂಬರ್ 30 ಎಂದು ದಿನಾಂಕವನ್ನೇ ಗೊತ್ತುಮಾಡಿದರು. ಜನರನ್ನು ಎಚ್ಚರಿಸಲು ದಿನಾಂಕ ಒಳ್ಳೆಯದೇ. ಆದರೆ ಮನೆಯಲ್ಲಿ ಅಳೆಯುವವರು ಹಳೆಯ ನಿಯಮವನ್ನೂ ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಇಬ್ಬನಿ ಬಿಂದು 55ರ ಹತ್ತಿರ ಏರಿದ ದಿನವೇ ಸೆಕೆ ಬದಲಾಗಿರುತ್ತದೆ. ನೀರಿನ ಕೂಲರ್ ಕೆಲಸ ಮಾಡುವುದಿಲ್ಲ, ಬೆವರು ಆರುವುದಿಲ್ಲ. ಸಂಜೆ ಪೂರ್ವದ ಬೆಟ್ಟಗಳ ಮೇಲೆ ಮೋಡ ಎದ್ದು ನಿಲ್ಲುತ್ತದೆ.

ಎದ್ದ ಮೋಡವೆಲ್ಲ ಸುರಿಯುವುದಿಲ್ಲ. ಎಷ್ಟೋ ಸಲ ಕಪ್ಪು ಮೋಡದಿಂದ ಮಳೆಯ ಎಳೆಗಳು ಇಳಿಯುವುದು ಕಣ್ಣಿಗೇ ಕಾಣುತ್ತದೆ, ನೆಲ ಮುಟ್ಟುವ ಮುಂಚೆ ಒಣ ಗಾಳಿಯಲ್ಲಿ ಆವಿಯಾಗಿ ಹೋಗುತ್ತದೆ. ಬೆಟ್ಟದ ಮಳೆ ತಣ್ಣಗೆ ಮಾಡಿದ ಗಾಳಿ ಮಾತ್ರ ಕೆಳಗೆ ನುಗ್ಗಿ, ಬಯಲಿನ ದೂಳನ್ನು ಗೋಡೆಯ ಹಾಗೆ ಎಬ್ಬಿಸಿಕೊಂಡು ಊರಿಗೆ ಬರುತ್ತದೆ. ಅದನ್ನು ಇಲ್ಲಿ ಹಬೂಬ್ ಅನ್ನುತ್ತಾರೆ. 2011ರ ಜುಲೈ 5ರಂದು ಬಂದದ್ದನ್ನು ಜನ ಈಗಲೂ ನೆನೆಯುತ್ತಾರೆ.

ನನ್ನ ಮಳೆಮಾಪಕ ಬಹಳ ಸರಳವಾದದ್ದು. ನಾಲ್ಕು ಇಂಚು ಅಗಲದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಮೇಲೊಂದು ಆಲಿಕೆ, ಒಳಗೊಂದು ಸಣ್ಣ ಕೊಳವೆ. ಆಲಿಕೆಯ ಬಾಯಿಯ ಹತ್ತನೇ ಒಂದು ಪಾಲಷ್ಟೇ ವಿಸ್ತೀರ್ಣ ಒಳಗಿನ ಕೊಳವೆಗೆ. ಹಾಗಾಗಿ ಬಿದ್ದ ಮಳೆ ಅಲ್ಲಿ ಹತ್ತುಪಟ್ಟು ಎತ್ತರ ನಿಲ್ಲುತ್ತದೆ, ಇಂಚಿನ ನೂರನೇ ಒಂದು ಭಾಗವನ್ನೂ ಕಣ್ಣಿನಿಂದ ಓದಬಹುದು. ಮರುಭೂಮಿಗೆ ಇದು ಬೇಕೇ ಬೇಕು, ಯಾಕೆಂದರೆ ಇಲ್ಲಿ ಬಹಳ ಸಲ ಬೀಳುವುದೇ ಅಷ್ಟು. ಒಂದು ಇಂಚಿಗಿಂತ ಜಾಸ್ತಿ ಬಂದರೆ ಒಳಕೊಳವೆ ತುಂಬಿ ಹೊರಗಿನದಕ್ಕೆ ಚೆಲ್ಲುತ್ತದೆ. ಆಗ ಅದನ್ನೂ ಸುರಿದು ಅಳೆದು ಕೂಡಿಸಬೇಕು.

ಹತ್ತಿರದ ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಕಂಬ ನೆಟ್ಟು, ಮಾಪಕದ ಬಾಯಿ ಸಮಮಟ್ಟ ಇದೆಯೇ ಅಂತ ನೋಡಿ ಕೂರಿಸಿದೆ. ತೋಟದ ಸ್ಪ್ರಿಂಕ್ಲರ್ ನೀರು ಅಲ್ಲಿಗೆ ಹಾರಬಾರದು. ಮಳೆಯೇ ಇಲ್ಲದ ವಾರದಲ್ಲಿ ಕೊಳವೆಯಲ್ಲಿ ನೀರು ಕಂಡರೆ ಮೊದಲ ಅನುಮಾನ ಅದರ ಮೇಲೇ. ಹಬೂಬ್ ಬಂದ ಮರುದಿನ ಆಲಿಕೆ ತೊಳೆಯಲೇಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ದೂಳೆಲ್ಲ ಕೆಸರಾಗಿ ತೂತು ಕಟ್ಟಿಕೊಳ್ಳುತ್ತದೆ. ಓದುವುದು ಬೆಳಿಗ್ಗೆ ಏಳಕ್ಕೆ. ಆದರೆ ಜುಲೈ ತಿಂಗಳ ಮಧ್ಯಾಹ್ನ ಹನಿದು ನಿಂತರೆ ನಾನು ಮರುದಿನ ಬೆಳಗಿನ ತನಕ ಕಾಯುವುದಿಲ್ಲ. ನಿಂತ ಕೂಡಲೇ ಓದಿ ಗುರುತು ಹಾಕಿಕೊಳ್ಳುತ್ತೇನೆ. ಆಲಿಕೆ ಆವಿಯನ್ನು ತಡೆಯುತ್ತದೆ ನಿಜ, ಈ ಬಿಸಿಲಲ್ಲಿ ಪೂರ್ತಿ ತಡೆಯಲಾರದು.

ಈ ಲೆಕ್ಕವನ್ನು ಸುಮ್ನೆ ಪುಸ್ತಕದಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಮಳೆ ಅಳೆದು ಕಳಿಸುವ ಕೊಕೊರಾಝ್ ಎಂಬ ಸ್ವಯಂಸೇವಕರ ಜಾಲವಿದೆ. 1997ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ದಿಢೀರ್ ಪ್ರವಾಹ ಬಂದಾಗ ಊರಿನ ಒಂದು ಬದಿಗೆ ಸುರಿದ ಮಳೆ ಇನ್ನೊಂದು ಬದಿಗೆ ಇರಲಿಲ್ಲ. ಆಮೇಲೆ 1998ರಲ್ಲಿ ಇದು ಶುರುವಾಯಿತು. ಇಂಥದ್ದೇ ಇನ್ನೊಂದು ಜಾಲ, ಅರಿಜೋನಾ ವಿಶ್ವವಿದ್ಯಾಲಯದ ರೇನ್‌ಲಾಗ್ ಕೂಡ ಇದೆ. ಮಳೆ ಬಾರದ ದಿನವೂ ಸೊನ್ನೆ ಎಂದು ದಾಖಲಿಸಿ ಅಂತ ಕೊಕೊರಾಝ್ ಕೇಳಿಕೊಳ್ಳುತ್ತದೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಹನಿ ಬಿದ್ದು ಅಳೆಯಲು ಸಿಗದಿದ್ದರೆ ಅದಕ್ಕೆ ಬೇರೆಯೇ ಗುರುತು, ಅದು ಸೊನ್ನೆಯಲ್ಲ. ಫೀನಿಕ್ಸ್‌ನಲ್ಲಿ 1971ರ ಡಿಸೆಂಬರ್ ಕೊನೆಯಿಂದ 1972ರ ಜೂನ್ ಮೊದಲ ವಾರದವರೆಗೆ 160 ದಿನ ಅಳೆಯುವಷ್ಟು ಮಳೆ ಬರಲಿಲ್ಲ ಅಂತ ಇವತ್ತು ಧೈರ್ಯವಾಗಿ ಹೇಳಬಹುದು. ಯಾರೋ ಅಷ್ಟೂ ದಿನ ಹೋಗಿ ನೋಡಿ ಬರೆದಿದ್ದಾರೆ.

ಒಂದೇ ಜಾಗದ ಅಳತೆ ಎಷ್ಟು ಏರುಪೇರಾಗುತ್ತದೆ ನೋಡಿ. ಮಾನ್ಸೂನಿನ ಸರಾಸರಿ 2.43 ಇಂಚು. 2021ರಲ್ಲಿ ವಿಮಾನ ನಿಲ್ದಾಣದಲ್ಲಿ 4.20 ಇಂಚು ಬಂತು. 2023ರಲ್ಲಿ ಇಡೀ ಮಾನ್ಸೂನಿಗೆ ಸೇರಿ 0.15 ಇಂಚು, ನಾಲ್ಕು ಮಿ.ಮೀ. ಕೂಡ ಇಲ್ಲ. ಅದು ಊರಿನ ದಾಖಲೆಯಲ್ಲೇ ಅತಿ ಕಡಿಮೆ. ಆದರೆ ಅದೇ ಬೇಸಿಗೆಯಲ್ಲಿ ಸುತ್ತಲಿನ ಎಷ್ಟೋ ಬಡಾವಣೆಗಳ ಮಾಪಕಗಳಲ್ಲಿ ಅದಕ್ಕಿಂತ ಜಾಸ್ತಿ ನೀರಿತ್ತು. ಇಲ್ಲಿನ ಗುಡುಗುಮಳೆ ಒಂದು ಬೀದಿಗೆ ಸುರಿದು ಪಕ್ಕದ ಬೀದಿಯನ್ನು ಮುಟ್ಟುವುದೇ ಇಲ್ಲ.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಸೆಪ್ಟೆಂಬರ್ 30ಕ್ಕೆ ಮಾನ್ಸೂನ್ ಮುಗಿಯಿತು ಅಂತ ಮಾಪಕ ತೆಗೆದಿಡಬೇಡಿ. ಋತು ಮುಗಿಯುವ ಹೊತ್ತಿಗೆ ಶಾಂತ ಮಹಾಸಾಗರದ ಚಂಡಮಾರುತಗಳ ಉಳಿಕೆ ತೇವ ಇತ್ತ ಬರುತ್ತದೆ. 2014ರ ಸೆಪ್ಟೆಂಬರ್ 8ರಂದು ಒಂದೇ ದಿನ 3.30 ಇಂಚು ಸುರಿದದ್ದು ಹಾಗೆಯೇ, ನಾರ್ಬರ್ಟ್ ಎಂಬ ಚಂಡಮಾರುತದ ತೇವದಿಂದ. ಹೆದ್ದಾರಿಗಳೇ ಮುಳುಗಿದವು. 2018ರಲ್ಲಿ ರೋಸಾದ ಉಳಿಕೆ ಬಂದದ್ದು ಅಕ್ಟೋಬರ್ ಆರಂಭದಲ್ಲಿ. ಆ ತಿಂಗಳು ಫೀನಿಕ್ಸ್‌ನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ಅಕ್ಟೋಬರ್ ಆಯಿತು. ಅಷ್ಟೂ ಮಳೆ ಮಾನ್ಸೂನಿನ ಲೆಕ್ಕಕ್ಕೆ ಸೇರಲೇ ಇಲ್ಲ.